ಎಂಟಾಣೆಯ ಪೆಪ್ಪರಮಿಂಟು ಮತ್ತು ರಾವಳಗಾಂವ್

"ಏನ್ರೀ, ನಿಮ್ಮ ರಾವಳಗಾಂವ್ ಮಾರಿದರಂತ ನೋಡ್ರಿ!"

2024ರ ಫೆಬ್ರವರಿ 10. ಎರಡನೇ ಶನಿವಾರ, ಬ್ಯಾಂಕಿಗೆ ರಜೆ. ನಮ್ಮ ಮನೆಯವರು ಪೇಪರ್ ಹಿಡಿದುಕೊಂಡೇ ಅಡುಗೆಮನೆಯಿಂದ ಹೊರಗೆ ಬಂದರು. ಊರು ನನ್ನದಲ್ಲ. ನಾನು ಗದಗಿನ ಕಡೆಯವನು, ಹೊಟ್ಟೆಪಾಡಿಗೆ ಮುಂಬೈ ಸೇರಿ ಮೂವತ್ತು ವರ್ಷದ ಮೇಲಾಯಿತು. ಆದರೆ 1997ರಿಂದ ಮೂರು ವರ್ಷ ನಾಸಿಕ್ ಜಿಲ್ಲೆಯ ಮಾಲೇಗಾಂವಿಗೆ ವರ್ಗವಾಗಿತ್ತು. ರಾವಳಗಾಂವ್ ಅದೇ ತಾಲೂಕಿನ ಹಳ್ಳಿ. ಆಗ ನಾನು ವಾರಕ್ಕೊಮ್ಮೆ ಮನೆಗೆ ಬರುವಾಗ ಬ್ಯಾಗಿನಲ್ಲಿ ಪಾನ್ ಪಸಂದ್ ಪೊಟ್ಟಣ ಇರಲೇಬೇಕು. ಇಲ್ಲದಿದ್ದರೆ ಮಗಳು ಬಾಗಿಲಲ್ಲೇ ತಡೆಯುತ್ತಿದ್ದಳು. ಹೀಗಾಗಿ ಅದು "ನಮ್ಮ" ರಾವಳಗಾಂವ್ ಆಗಿಬಿಟ್ಟಿತ್ತು.

ಸುದ್ದಿ ಇಷ್ಟೇ. ಪಾನ್ ಪಸಂದ್, ಮ್ಯಾಂಗೋ ಮೂಡ್, ಕಾಫಿ ಬ್ರೇಕ್, ಟುಟ್ಟಿ ಫ್ರುಟ್ಟಿ ಮುಂತಾದ ಪೆಪ್ಪರಮಿಂಟುಗಳ ಹೆಸರು, ಅವನ್ನು ಮಾಡುವ ಪಾಕವಿಧಾನ, ಟ್ರೇಡ್‌ಮಾರ್ಕು, ಎಲ್ಲವನ್ನೂ ರಾವಳಗಾಂವ್ ಶುಗರ್ ಫಾರ್ಮ್ ಕಂಪನಿಯವರು ರಿಲಯನ್ಸ್ ಕನ್ಸ್ಯೂಮರ್ ಪ್ರಾಡಕ್ಟ್ಸ್ ಎಂಬ ಸಂಸ್ಥೆಗೆ ಮಾರಿದ್ದಾರೆ. ಬೆಲೆ 27 ಕೋಟಿ ರೂಪಾಯಿ.

ಬ್ಯಾಂಕಿನವನ ಬುದ್ಧಿ ನೋಡಿ, ಮೊದಲು ಹೊಳೆದದ್ದು ಲೆಕ್ಕ. 27 ಕೋಟಿ ಅಂದರೆ ದಕ್ಷಿಣ ಮುಂಬೈಯಲ್ಲಿ ಒಂದು ಒಳ್ಳೆಯ ಫ್ಲ್ಯಾಟು. ಪೆಪ್ಪರಮಿಂಟಿನ ಲೆಕ್ಕದಲ್ಲಿ ಎಂಟಾಣೆಗೆ ಒಂದರಂತೆ 54 ಕೋಟಿ. ದೇಶದ ಜನರಿಗೆ ತಲೆಗೊಂದು ಹಂಚಿದರೆ ಅರ್ಧ ಜನಕ್ಕೂ ಮುಟ್ಟುವುದಿಲ್ಲ. ಮೂರು ತಲೆಮಾರಿನ ನಾಲಿಗೆಯ ಮೇಲಿದ್ದ ಹೆಸರಿಗೆ ಇಷ್ಟೇನಾ ಬೆಲೆ ಅನ್ನಿಸಿತು. ಆದರೆ ಯೋಚಿಸುತ್ತಾ ಹೋದ ಹಾಗೆ, ಈ ಕಾರ್ಖಾನೆಯ ಕಥೆಯನ್ನು ಸಕ್ಕರೆಯಿಂದಲ್ಲ, ಚಿಲ್ಲರೆಯಿಂದ ಹೇಳಬೇಕು ಅನ್ನಿಸತೊಡಗಿತು. ಚಿಲ್ಲರೆಯ ವಿಷಯ ಬಂದರೆ ನಾನೂ ನಿರಪರಾಧಿಯಲ್ಲ. ಅದನ್ನೂ ಮುಂದೆ ಹೇಳುತ್ತೇನೆ.

ಮೊದಲು ಊರಿನ ವಿಷಯ. ಮಾಲೇಗಾಂವ್ ಅಂದರೆ ಮೋಸಂ ಮತ್ತು ಗಿರಣಾ ನದಿಗಳು ಕೂಡುವ ಊರು, ಪವರ್‌ಲೂಮ್ ಊರು. ಹಗಲೂ ರಾತ್ರಿ ಖಟಖಟ ಸದ್ದು. ಅಲ್ಲಿಂದ ಎಸ್.ಟಿ. ಬಸ್ಸು ಹತ್ತಿ ರಾವಳಗಾಂವಿನ ಕಡೆ ಹೊರಟರೆ ಸದ್ದು ಹಿಂದೆ ಉಳಿಯುತ್ತದೆ. ಬಯಲು ಸೀಮೆ, ಜೋಳ, ಸಜ್ಜೆ, ಈರುಳ್ಳಿ, ನಡುನಡುವೆ ಕಬ್ಬು. ನಮ್ಮ ಗದಗ ಜಿಲ್ಲೆಯ ಹಾಗೇ ಮಳೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಇಂಥ ನೆಲದಲ್ಲಿ ಕಬ್ಬು ಬೆಳೆಸಿ ಸಕ್ಕರೆ ಮಾಡುತ್ತೇನೆ ಅಂತ ಹೊರಟವರಿಗೆ ಧೈರ್ಯ ಬೇಕಿತ್ತು. ಆ ಧೈರ್ಯ ಇದ್ದದ್ದು ವಾಲ್‌ಚಂದ್ ಹೀರಾಚಂದ್ ಅವರಿಗೆ.

ಈ ಹೆಸರನ್ನು ಕನ್ನಡಿಗರಾದ ನಾವು ಮರೆಯಬಾರದು. 1882ರಲ್ಲಿ ಸೊಲ್ಲಾಪುರದಲ್ಲಿ ಹುಟ್ಟಿದರು. ಮರಾಠಿ, ಕನ್ನಡ, ತೆಲುಗು ಮೂರೂ ಕೇಳಿಬರುವ ಸೊಲ್ಲಾಪುರ ನಿಮಗೆ ಗೊತ್ತೇ ಇದೆ. ಗುಜರಾತಿ ಮೂಲದ ದೋಶಿ ಎಂಬ ಜೈನ ಮನೆತನ. ಮನೆಯ ಕಸುಬು ಲೇವಾದೇವಿ ಮತ್ತು ಹತ್ತಿ ವ್ಯಾಪಾರ. ಅದು ಬೇಸರವಾಗಿ ಇವರು ಫಾಟಕ್ ಎಂಬುವರ ಜೊತೆ ಪಾಲುಗಾರಿಕೆಯಲ್ಲಿ ರೈಲ್ವೆ ಗುತ್ತಿಗೆ ಹಿಡಿದರು. 1919ರಲ್ಲಿ ಬ್ರಿಟಿಷರ ಹಡಗು ಕಂಪನಿಗಳಿಗೆ ಸೆಡ್ಡು ಹೊಡೆದು ಸಿಂಧಿಯಾ ಸ್ಟೀಮ್ ನ್ಯಾವಿಗೇಶನ್ ಕಂಪನಿ ಕಟ್ಟಿದರು. ಅದರ 'ಲಾಯಲ್ಟಿ' ಹಡಗು ಆ ವರ್ಷ ಏಪ್ರಿಲ್ 5ರಂದು ಮುಂಬೈಯಿಂದ ಲಂಡನ್ನಿಗೆ ಹೊರಟಿತು. ಆ ದಿನವನ್ನೇ ಈಗ ರಾಷ್ಟ್ರೀಯ ಸಾಗರಯಾನ ದಿನ ಅಂತ ಆಚರಿಸುತ್ತಾರೆ. 1940ರಲ್ಲಿ ಮೈಸೂರು ಸಂಸ್ಥಾನದ ಜೊತೆ ಸೇರಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಶುರು ಮಾಡಿದರು. ಇವತ್ತಿನ ಎಚ್‌ಎಎಲ್ ಅದೇ! ಆಗ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. 1944ರಲ್ಲಿ ಮುಂಬೈಯಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್. ನಾವೆಲ್ಲ ವಿ.ಟಿ. ಸ್ಟೇಷನ್ನಿನಿಂದ ಟ್ರಂಕಿನ ಸಮೇತ ಹತ್ತಿ ಕೂತ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿ ಅದೇ ಕಂಪನಿಯದು.

ವಿಮಾನ, ಹಡಗು, ಕಾರು ಕಟ್ಟಿದ ಮನುಷ್ಯನ ಹೆಸರಿನ ಜೊತೆ ಪೆಪ್ಪರಮಿಂಟು ಹೇಗೆ ಸೇರಿಕೊಂಡಿತು? ಅದಕ್ಕೆ ಸಕ್ಕರೆಯ ಇತಿಹಾಸ ಸ್ವಲ್ಪ ನೋಡಬೇಕು.

1930ರ ಸುಮಾರಿಗೆ ನಮ್ಮ ದೇಶ ಸಕ್ಕರೆಯನ್ನು ಹೊರಗಿನಿಂದ ತರಿಸಿಕೊಳ್ಳುತ್ತಿತ್ತು, ಅದರಲ್ಲಿ ಬಹುಪಾಲು ಜಾವಾ ದ್ವೀಪದ್ದು. ಇಲ್ಲಿ ಆಧುನಿಕ ಕಾರ್ಖಾನೆಗಳು ಮೂವತ್ತರ ಆಸುಪಾಸು ಇದ್ದವು ಅಷ್ಟೇ. 1932ರಲ್ಲಿ ಸಕ್ಕರೆ ಉದ್ಯಮ ರಕ್ಷಣಾ ಕಾಯ್ದೆ ಬಂತು. ಹೊರಗಿನ ಸಕ್ಕರೆಗೆ ಭಾರಿ ಸುಂಕ ಬಿತ್ತು. ನಾಲ್ಕೈದು ವರ್ಷಗಳಲ್ಲಿ ಕಾರ್ಖಾನೆಗಳ ಸಂಖ್ಯೆ ನೂರು ದಾಟಿತು. ನಮ್ಮ ಮಂಡ್ಯದ ಮೈಸೂರು ಸಕ್ಕರೆ ಕಂಪನಿ ನೋಂದಣಿಯಾದದ್ದು 1933ರಲ್ಲಿ. ಅದೇ 1933ರಲ್ಲಿ ಹುಟ್ಟಿದ್ದು ರಾವಳಗಾಂವ್ ಶುಗರ್ ಫಾರ್ಮ್. ಅಂದರೆ ಎರಡೂ ಒಂದೇ ಕಾಯ್ದೆಯ ಕೂಸುಗಳು. ಮಂಡ್ಯದಲ್ಲಿ ಸಂಸ್ಥಾನವೇ ನಿಂತು ಕಟ್ಟಿತು, ಕನ್ನಂಬಾಡಿಯ ನೀರು ನಾಲೆಯಲ್ಲಿ ಹರಿದು ಬಂತು, ಕಬ್ಬು ಬೆಳೆದವರು ರೈತರು. ರಾವಳಗಾಂವಿನಲ್ಲಿ ಕಲ್ಲು ನೆಲವನ್ನು ಹದ ಮಾಡಿ ತೋಟ ಕಟ್ಟಿದ್ದೂ ಕಂಪನಿಯೇ, ಕಬ್ಬು ಅರೆದದ್ದೂ ಕಂಪನಿಯೇ. ಹೆಸರಿನಲ್ಲಿ 'ಫಾರ್ಮ್' ಸೇರಿಕೊಂಡದ್ದು ಹೀಗೆ. ಪುಣೆ ಜಿಲ್ಲೆಯ ಕಳಂಬ್ ಹತ್ತಿರ ಇದೇ ರೀತಿ ಎದ್ದ ಇನ್ನೊಂದು ಊರೇ ವಾಲ್‌ಚಂದ್‌ನಗರ.

ಪೆಪ್ಪರಮಿಂಟು ಬಂದದ್ದು ಆಮೇಲೆ, 1940ರ ದಶಕದ ಆರಂಭದಲ್ಲಿ. ಎರಡನೇ ಮಹಾಯುದ್ಧದ ಕಾಲ. ಅವು ಚಿಲ್ಲರೆಗೆ ಬರಗಾಲದ ದಿನಗಳು ಎಂಬುದನ್ನು ಗಮನಿಸಿ. ಯುದ್ಧಕ್ಕೆ ತಾಮ್ರ ಬೇಕಾಗಿತ್ತು, ಜನ ನಾಣ್ಯಗಳನ್ನು ಕೂಡಿಡುತ್ತಿದ್ದರು. ಕೊನೆಗೆ ಸರ್ಕಾರ ಲೋಹ ಉಳಿಸಲು 1943ರಲ್ಲಿ ನಡುವೆ ತೂತಿರುವ ಕಾಸು ಹೊರಡಿಸಿತು. ನಮ್ಮ ಅಜ್ಜಿ ಅಂಥ ನಾಲ್ಕು ತೂತಿನ ಕಾಸನ್ನು ದಾರದಲ್ಲಿ ಪೋಣಿಸಿ ಬೀಗದ ಕೈ ಗೊಂಚಲಿಗೆ ಕಟ್ಟಿದ್ದಳು. ಚಿಲ್ಲರೆ ಕಷ್ಟದ ಕಾಲದಲ್ಲಿ ಹುಟ್ಟಿದ ಪೆಪ್ಪರಮಿಂಟು, ಚಿಲ್ಲರೆಯೇ ಮಾಯವಾದ ಕಾಲದಲ್ಲಿ ಮನೆ ಬಿಟ್ಟಿತು. ಇದು ಕಾಕತಾಳೀಯ ಇರಬಹುದು. ಆದರೆ ಮರೆಯಲಾಗದ ಕಾಕತಾಳೀಯ.

ಪೆಪ್ಪರಮಿಂಟು ಮಾಡುವುದು ಹೇಗೆ ಅಂತ ಸ್ವಲ್ಪ ಹೇಳುತ್ತೇನೆ, ಯಾಕೆಂದರೆ ಮುಂದಿನ ಲೆಕ್ಕಕ್ಕೆ ಅದು ಬೇಕು. ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ ಅದಕ್ಕೆ ಲಿಕ್ವಿಡ್ ಗ್ಲೂಕೋಸ್ ಸೇರಿಸುತ್ತಾರೆ. ಮೆಕ್ಕೆಜೋಳದ ಪಿಷ್ಟದಿಂದ ಮಾಡಿದ ದಪ್ಪನೆಯ ಸಿರಪ್ ಅದು. ಬರೀ ಸಕ್ಕರೆ ಪಾಕ ಮಾಡಿದರೆ ಆರಿದ ಮೇಲೆ ಮತ್ತೆ ಹರಳುಗಟ್ಟುತ್ತದೆ. ಗ್ಲೂಕೋಸ್ ಇದ್ದರೆ ಹರಳುಗಟ್ಟದೆ ಗಾಜಿನ ಹಾಗೆ ನಿಲ್ಲುತ್ತದೆ. ನಮ್ಮ ಕಡೆ ಸಂಕ್ರಾಂತಿಗೆ ಕುಸುರೆಳ್ಳು ಮಾಡಿದವರಿಗೆ ಪಾಕದ ಹುಚ್ಚಾಟ ಚೆನ್ನಾಗಿ ಗೊತ್ತು. ಈ ಪಾಕವನ್ನು ಸುಮಾರು 145-150 ಡಿಗ್ರಿವರೆಗೆ ಕುದಿಸಿ ನೀರಿನಂಶವನ್ನು ಶೇಕಡಾ ಎರಡು-ಮೂರಕ್ಕೆ ಇಳಿಸುತ್ತಾರೆ. ಆಮೇಲೆ ತಣ್ಣನೆಯ ಲೋಹದ ಮೇಜಿನ ಮೇಲೆ ಸುರಿದು, ಇನ್ನೂ ಬಿಸಿ ಇರುವಾಗಲೇ ಬಣ್ಣ, ಹುಳಿ, ಸುವಾಸನೆ ಬೆರೆಸಿ ಹೋಳಿಗೆ ಕಣಕದ ಹಾಗೆ ಮಡಿಚಿ ನಾದುತ್ತಾರೆ. ನಂತರ ಹಗ್ಗದ ಹಾಗೆ ಎಳೆದು, ತುಂಡರಿಸಿ, ಅಚ್ಚು ಒತ್ತಿ, ತಣಿಸಿ, ಕಾಗದದಲ್ಲಿ ಸುತ್ತಿ ಎರಡೂ ತುದಿ ತಿರುಚುವುದು. ಗಾಳಿಯ ತೇವ ತಾಗಿತೋ ಅಂಟಂಟು! ಅದಕ್ಕೇ ಅಂಗಡಿಯವರು ಗಾಜಿನ ಬರಣಿಯ ಮುಚ್ಚಳವನ್ನು ಅಷ್ಟು ಬಿಗಿಯಾಗಿ ತಿರುಗಿಸುತ್ತಿದ್ದದ್ದು.

ಹೇಳುವುದಕ್ಕೆ ಸುಲಭ. ಆದರೆ ಒಬ್ಬ ಸಕ್ಕರೆ ಕಾರ್ಖಾನೆಯವನಿಗೆ ಇದೊಂದು ದೊಡ್ಡ ಅನುಕೂಲ. ಸಕ್ಕರೆಯನ್ನು ಮೂಟೆಯಲ್ಲಿ ಮಾರಿದರೆ ಮೂಟೆಯ ಬೆಲೆ. ಅದರಲ್ಲೂ ಸ್ವಾತಂತ್ರ್ಯದ ನಂತರದ ದಶಕಗಳಲ್ಲಿ ಕಾರ್ಖಾನೆಯವರು ಸಕ್ಕರೆಯ ಒಂದು ಪಾಲನ್ನು ಸರ್ಕಾರ ಹೇಳಿದ ಬೆಲೆಗೆ ರೇಷನ್ನಿಗೆ ಕೊಡಬೇಕಿತ್ತು. 'ಲೆವಿ' ಅಂತ ಅದಕ್ಕೆ ಹೆಸರು. ಅದು ಪೂರ್ತಿ ಹೋದದ್ದು 2013ರಲ್ಲಿ. ಪೆಪ್ಪರಮಿಂಟಿಗೆ ಲೆವಿ ಇಲ್ಲ, ರೇಷನ್ ಇಲ್ಲ. ಎಷ್ಟು ಬೇಕಾದರೂ ಮಾಡಿ, ಎಷ್ಟಕ್ಕೆ ಬೇಕಾದರೂ ಮಾರಿ. ಹಾಗಂತ ಅಂದುಕೊಂಡಿದ್ದರು!

ಈ ನಡುವೆ ಕಂಪನಿಯ ಕೆಳಗಿನ ನೆಲವೇ ಸರಿಯಿತು. ವಾಲ್‌ಚಂದರು 1953ರಲ್ಲಿ ತೀರಿಕೊಂಡರು, ಉದ್ಯಮ ದೋಶಿ ಮನೆತನದ ಕೈಯಲ್ಲೇ ಉಳಿಯಿತು. 1950ರಲ್ಲಿ ವಿಠ್ಠಲರಾವ್ ವಿಖೆ ಪಾಟೀಲ ಮತ್ತು ಅರ್ಥಶಾಸ್ತ್ರಜ್ಞ ಧನಂಜಯರಾವ್ ಗಾಡಗೀಳ್ ಪ್ರವರಾನಗರದಲ್ಲಿ ಸಹಕಾರಿ ಸಕ್ಕರೆ ಕಾರ್ಖಾನೆ ಆರಂಭಿಸಿದ್ದರು. ಅಲ್ಲಿಂದಾಚೆಗೆ ಮಹಾರಾಷ್ಟ್ರದ ಸಕ್ಕರೆ ಅಂದರೆ ಸಹಕಾರಿ ಸಕ್ಕರೆ, ಸಹಕಾರಿ ಸಕ್ಕರೆ ಅಂದರೆ ರಾಜಕೀಯ. ಖಾಸಗಿಯವರು ಮೂಲೆಗೆ ಸರಿದರು. 1961ರಲ್ಲಿ ಭೂಮಿತಿ ಕಾಯ್ದೆ ಬಂತು. ಸಕ್ಕರೆ ಕಂಪನಿಗಳ ದೊಡ್ಡ ದೊಡ್ಡ ತೋಟಗಳನ್ನು ಸರ್ಕಾರ ತೆಗೆದುಕೊಂಡು 1963ರಲ್ಲಿ ಮಹಾರಾಷ್ಟ್ರ ರಾಜ್ಯ ಶೇತಿ ಮಹಾಮಂಡಳ ಎಂಬ ನಿಗಮಕ್ಕೆ ವಹಿಸಿತು. ರಾವಳಗಾಂವಿನ ತೋಟವೂ ಅದರಲ್ಲಿ ಸೇರಿತು.

ಇದರಲ್ಲಿ ಯಾರದು ಸರಿ, ಯಾರದು ತಪ್ಪು ಅಂತ ನಾನು ಹೇಳಲಾರೆ. ಕಂಪನಿಗಳಿಗೆ ಖಂಡಕ್ಕೆ, ಅಂದರೆ ಗುತ್ತಿಗೆಗೆ, ಹೊಲ ಕೊಟ್ಟಿದ್ದ ರೈತರ ಮನೆಯವರು "ನಮ್ಮ ಹೊಲ ನಮಗೆ ಕೊಡಿ" ಅಂತ ದಶಕಗಟ್ಟಲೆ ಹೋರಾಡಿದ್ದಾರೆ. 'ಖಂಡಕರಿ' ರೈತರು ಅಂತ ಅವರಿಗೆ ಹೆಸರು. ಮಾಲೇಗಾಂವಿನಲ್ಲಿ ಸಾಲಕ್ಕೆ ಬಂದ ಒಬ್ಬ ಮುದುಕ ಏಳು-ಬಾರಾ ಉತಾರೆಯನ್ನು ಪ್ಲಾಸ್ಟಿಕ್ ಚೀಲದಿಂದ ಬಿಚ್ಚಿ ತೋರಿಸುತ್ತಾ, "ಸಾಹೇಬ, ಕಂಪನಿ ಹೋಯಿತು, ಸರ್ಕಾರ ಬಂತು, ನಾನು ಮಾತ್ರ ಬೇಲಿಯ ಹೊರಗೇ ಇದ್ದೇನೆ" ಅಂದದ್ದು ನೆನಪಿದೆ. ಒಂದು ಕಡೆ ಹೆಸರಿನಲ್ಲಿ ಫಾರ್ಮ್ ಇದ್ದೂ ಫಾರ್ಮ್ ಇಲ್ಲದ ಕಂಪನಿ, ಇನ್ನೊಂದು ಕಡೆ ಕಾಗದದಲ್ಲಿ ಹೊಲ ಇದ್ದೂ ಹೊಲ ಇಲ್ಲದ ರೈತ. ಮುಂದೆ ಸಕ್ಕರೆ ಕಾರ್ಖಾನೆಯೂ ಬೇರೆಯವರ ಕೈಗೆ ಹೋಯಿತು. ಕಂಪನಿಗೆ ಉಳಿದದ್ದು ಪೆಪ್ಪರಮಿಂಟು. ಊಟದ ಜೊತೆಗೆ ಉಪ್ಪಿನಕಾಯಿ ಅಂತ ಶುರುವಾದದ್ದು ಕೊನೆಗೆ ಅದೇ ಊಟವಾಯಿತು.

ಆದರೆ ಆ ಪೆಪ್ಪರಮಿಂಟಿನ ವೈಭವದ ದಿನಗಳನ್ನು ನಾವು ನೋಡಿದ್ದೇವೆ. ಎಂಬತ್ತರ ದಶಕದ ದೂರದರ್ಶನ ನೆನಪು ಮಾಡಿಕೊಳ್ಳಿ. ಓಣಿಗೊಂದೇ ಟಿ.ವಿ., ಅದರ ಮುಂದೆ ಇಡೀ ಓಣಿ. ಸೀರಿಯಲ್ಲಿನ ನಡುವೆ ಪಾನ್ ಪಸಂದ್ ಜಾಹೀರಾತು ಬಂತೆಂದರೆ ಹುಡುಗರೆಲ್ಲ ಜೊತೆಗೆ ಡೈಲಾಗು ಹೇಳುತ್ತಿದ್ದೆವು. ಸಿಡುಕಿನ ಹುಡುಗಿ ಪೆಪ್ಪರಮಿಂಟು ಬಾಯಿಗೆ ಹಾಕಿಕೊಂಡರೆ ಅದೇ ಮಾತು ಸಿಹಿಯಾಗುವ ಜಾಹೀರಾತು! ಎಲೆಯಡಿಕೆಯ ರುಚಿ, ಆದರೆ ಉಗುಳುವ ಹಾಗಿಲ್ಲ. ಬಾಯಿ ಕೆಂಪಾಗುವುದಿಲ್ಲ, ಅಪ್ಪನ ಹೊಡೆತವೂ ಬೀಳುವುದಿಲ್ಲ. ಎಲೆಯಡಿಕೆ ಹಾಕುವವರ ಮನೆಯ ಹುಡುಗರಿಗೆ ಇದಕ್ಕಿಂತ ಇನ್ನೇನು ಬೇಕು?

ಅದಕ್ಕಿಂತ ದೊಡ್ಡ ವಿಷಯ, ಪೆಪ್ಪರಮಿಂಟು ಆಗ ಹಣವೇ ಆಗಿತ್ತು. ಇದು ಅತಿಶಯೋಕ್ತಿಯಲ್ಲ. ಅಂಗಡಿಯವನು "ಚಿಲ್ಲರೆ ಇಲ್ಲ" ಅಂತ ಎರಡು ಪೆಪ್ಪರಮಿಂಟು ಕೈಗೆ ಹಾಕುತ್ತಿದ್ದ. ನಾವು ತೆಗೆದುಕೊಳ್ಳುತ್ತಿದ್ದೆವು. ಅದೇ ಪೆಪ್ಪರಮಿಂಟನ್ನು ಮರುದಿನ ಅವನಿಗೆ ಚಿಲ್ಲರೆ ಅಂತ ಕೊಟ್ಟರೆ ಮಾತ್ರ ಬೈಯುತ್ತಿದ್ದ! ರಿಸರ್ವ್ ಬ್ಯಾಂಕಿನ ಅಪ್ಪಣೆ ಇಲ್ಲದೆ ಇಡೀ ದೇಶದಲ್ಲಿ ಚಲಾವಣೆಯಲ್ಲಿದ್ದ ನಾಣ್ಯ ಅದು. ನಾಲ್ಕಾಣೆ, ಎಂಟಾಣೆಗಳ ಲೆಕ್ಕ ತುಂಬಲು ಪೆಪ್ಪರಮಿಂಟು, ಪೆಪ್ಪರಮಿಂಟು ಕೊಳ್ಳಲು ನಾಲ್ಕಾಣೆ, ಎಂಟಾಣೆ. ಒಂದಿಲ್ಲದೆ ಇನ್ನೊಂದಿಲ್ಲ.

ಈಗ ಆ ಚಿಲ್ಲರೆಗೆ ಏನಾಯಿತು ನೋಡಿ. 2011ರ ಜೂನ್ 30ರಿಂದ 25 ಪೈಸೆ ಮತ್ತು ಅದಕ್ಕಿಂತ ಕೆಳಗಿನ ನಾಣ್ಯಗಳು ರದ್ದಾದವು. ಐವತ್ತು ಪೈಸೆ ರದ್ದಾಗಲಿಲ್ಲ, ಇವತ್ತಿಗೂ ಅದು ಕಾನೂನು ಮಾನ್ಯ ನಾಣ್ಯ. ಆದರೆ ಜನರ ಮನಸ್ಸಿನಲ್ಲಿ ಅದು ಆ ದಿನವೇ ಸತ್ತಿತು. "ಚಾರಾಣೆ ಬಂದ್ ಆಯಿತು, ಎಂಟಾಣೆಯೂ ಇವತ್ತೋ ನಾಳೆಯೋ" ಅಂತ ಅಂಗಡಿಯವರು ತೆಗೆದುಕೊಳ್ಳುವುದನ್ನು ನಿಲ್ಲಿಸಿದರು. ಅಂಗಡಿಯವರು ನಿಲ್ಲಿಸಿದರೆಂದು ರಿಕ್ಷಾದವರು, ರಿಕ್ಷಾದವರು ನಿಲ್ಲಿಸಿದರೆಂದು ಭಿಕ್ಷುಕರು!

ಇಲ್ಲಿ ನನ್ನ ಪಾಲಿನ ವಿಷಯ ಬರುತ್ತದೆ. ಆಗ ನಾನು ಠಾಣೆ ಕಡೆಯ ಒಂದು ಶಾಖೆಯಲ್ಲಿದ್ದೆ. ಸ್ಟೇಷನ್ ಹತ್ತಿರದ ಪಾನ್ ಅಂಗಡಿಗಳಿಗೆಲ್ಲ ಪೆಪ್ಪರಮಿಂಟು, ಸುಪಾರಿ ಹಾಕುವ ಒಬ್ಬ ಹಿರಿಯ ಸಗಟು ವ್ಯಾಪಾರಿ ನಮ್ಮ ಗ್ರಾಹಕರು. ನಾವೆಲ್ಲ ಕಾಕಾ ಅಂತ ಕರೆಯುತ್ತಿದ್ದೆವು. ಒಂದು ಸೋಮವಾರ ಬೆಳಿಗ್ಗೆ ಕೌಂಟರಿನ ಮುಂದೆ ಉದ್ದನೆಯ ಸಾಲು. ಕಾಕಾ ಎರಡು ಕ್ಯಾನ್ವಾಸ್ ಚೀಲ ತಂದು ಮೇಜಿನ ಮೇಲೆ ಇಟ್ಟರು. ಪೂರ್ತಿ ಎಂಟಾಣೆ ನಾಣ್ಯ. ಎಣಿಸುವ ಮಷೀನು ಇರಲಿಲ್ಲ, ಕ್ಯಾಷಿಯರ್ ಹುಡುಗಿ ನನ್ನ ಮುಖ ನೋಡಿದಳು.

"ಕಾಕಾ, ಮುಂದಿನ ವಾರ ತನ್ನಿ" ಅಂದೆ.

"ಸಾಹೇಬ, ಹೋದ ವಾರವೂ ನೀವು ಇದನ್ನೇ ಹೇಳಿದ್ರಿ" ಅಂದರು. ಸಿಟ್ಟಿನಿಂದಲ್ಲ, ನಗುತ್ತಲೇ.

ನಿಯಮ ನನಗೆ ಗೊತ್ತಿತ್ತು. 2011ರ ನಾಣ್ಯ ಕಾಯ್ದೆಯ ಪ್ರಕಾರ ವ್ಯವಹಾರದಲ್ಲಿ ಯಾರೂ ಹತ್ತು ರೂಪಾಯಿಗಿಂತ ಹೆಚ್ಚು ಮೊತ್ತಕ್ಕೆ ಎಂಟಾಣೆ ತೆಗೆದುಕೊಳ್ಳಲೇಬೇಕೆಂದಿಲ್ಲ, ಅಂದರೆ ಇಪ್ಪತ್ತು ನಾಣ್ಯ. ಆದರೆ ಬ್ಯಾಂಕ್ ಶಾಖೆಗಳು ಎಲ್ಲ ನಾಣ್ಯಗಳನ್ನೂ ಸ್ವೀಕರಿಸಬೇಕು ಅಂತ ರಿಸರ್ವ್ ಬ್ಯಾಂಕಿನ ಸ್ಪಷ್ಟ ಆದೇಶ. ಹೀಗಾಗಿ ಕಾಕಾನಂಥವರಿಗೆ ಇದ್ದ ಒಂದೇ ಬಾಗಿಲು ನಮ್ಮದು. ಆ ಬಾಗಿಲನ್ನು ನಾನು ಕಾಲಿನಿಂದ ಒತ್ತಿ ಹಿಡಿದಿದ್ದೆ. ಮೂರನೇ ವಾರ ಕಾಕಾ ಚೀಲ ತರಲಿಲ್ಲ. "ಎಂಟಾಣೆ ಮಾಲು ಇಡೋದು ಬಿಟ್ಟೆ ಸಾಹೇಬ, ರೂಪಾಯಿ ಮಾಲು ಮಾತ್ರ" ಅಂದರು. ನನಗೆ ಆಗ ಹಾಯೆನಿಸಿತು. ಒಂದು ತಲೆನೋವು ಕಳೆಯಿತು ಅಂದುಕೊಂಡೆ. ಹನ್ನೆರಡು ವರ್ಷದ ನಂತರ ಪೇಪರಿನಲ್ಲಿ ರಾವಳಗಾಂವ್ ಸುದ್ದಿ ಓದುವವರೆಗೂ, ಆ ಮಾತಿನ ಇನ್ನೊಂದು ತುದಿ ಎಲ್ಲಿಗೆ ಹೋಗಿ ಮುಟ್ಟುತ್ತದೆ ಅಂತ ನಾನು ಯೋಚಿಸಿರಲಿಲ್ಲ.

ಕಂಪನಿಯವರು ಮಾರಾಟದ ಸಮಯದಲ್ಲಿ ಷೇರುಪೇಟೆಗೆ ಕೊಟ್ಟ ವಿವರಣೆಯಲ್ಲೂ ಇದೇ ವಿಷಯ ಇತ್ತು. ಸಂಘಟಿತ, ಅಸಂಘಟಿತ ಎರಡೂ ಕಡೆಯ ಪೈಪೋಟಿ, ಕಚ್ಚಾ ಸಾಮಗ್ರಿ, ಇಂಧನ, ಕೂಲಿಯ ಖರ್ಚು ಏರಿದ್ದು, ಅದರ ಜೊತೆಗೆ ಐವತ್ತು ಪೈಸೆ ನಾಣ್ಯದ ಅಭಾವ.

ಇದನ್ನು ಲೆಕ್ಕದಲ್ಲಿ ನೋಡಿದರೆ ಸ್ಪಷ್ಟವಾಗುತ್ತದೆ. ಬಿ.ಕಾಂ. ಓದಿದ್ದಕ್ಕೆ ಇಷ್ಟಾದರೂ ಉಪಯೋಗವಾಗಲಿ! ಒಂದು ಪೆಪ್ಪರಮಿಂಟು ನಾಲ್ಕು ಗ್ರಾಂ ಅಂತ ಇಟ್ಟುಕೊಳ್ಳಿ. ಕೇಜಿಗೆ 250. ಎಂಟಾಣೆಗೆ ಒಂದರಂತೆ 125 ರೂಪಾಯಿ. ಇದು ಗಿರಾಕಿ ಕೊಡುವ ಹಣ. ಇದರಲ್ಲಿ ಆಗಿನ ಶೇಕಡಾ 18ರ ಜಿಎಸ್‌ಟಿ ತೆಗೆದರೆ ಉಳಿಯುವುದು ಸುಮಾರು 106. ಅದರಲ್ಲಿ ಚಿಲ್ಲರೆ ಅಂಗಡಿಯವನ ಪಾಲು, ಸಗಟಿನವನ ಪಾಲು, ಲಾರಿ ಬಾಡಿಗೆ. ಮಿಕ್ಕಿದ್ದರಲ್ಲಿ ಸಕ್ಕರೆ, ಗ್ಲೂಕೋಸ್, ಸುವಾಸನೆ, ಉರುವಲು, ಕೂಲಿ, ಮತ್ತೆ 250 ಸುತ್ತುಕಾಗದ. ಈ ಶತಮಾನದ ಆರಂಭದಲ್ಲಿ ಅಂಗಡಿಯ ಸಕ್ಕರೆ ಕೇಜಿಗೆ ಹದಿನಾಲ್ಕು-ಹದಿನೈದು ರೂಪಾಯಿ ಇತ್ತು. 2024ಕ್ಕೆ ನಲವತ್ತು ದಾಟಿತ್ತು. ಪೆಪ್ಪರಮಿಂಟು ಮಾತ್ರ ಎಂಟಾಣೆಗೇ ನಿಂತಿತ್ತು.

ಬೆಲೆ ಏರಿಸಬಹುದಿತ್ತಲ್ಲ ಅಂತ ನೀವು ಕೇಳಬಹುದು. ಎಷ್ಟಕ್ಕೆ? ಸೋಪು, ಎಣ್ಣೆಯ ಹಾಗೆ ಪೆಪ್ಪರಮಿಂಟಿಗೆ ಸ್ವಲ್ಪ ಸ್ವಲ್ಪ ಏರಿಸಲು ಬರುವುದಿಲ್ಲ. ಐವತ್ತು ಪೈಸೆಯದನ್ನು ಐವತ್ತೈದು ಮಾಡಿದರೆ ಆ ಐದು ಪೈಸೆ ಎಲ್ಲಿದೆ? ಪೆಪ್ಪರಮಿಂಟಿನ ಬೆಲೆ ಮೆಟ್ಟಿಲಿನ ಹಾಗೆ. ನಾಲ್ಕಾಣೆ, ಆಮೇಲೆ ಎಂಟಾಣೆ, ಆಮೇಲೆ ರೂಪಾಯಿ. ಪ್ರತಿ ಮೆಟ್ಟಿಲೂ ಹಿಂದಿನದರ ಎರಡರಷ್ಟು ಎತ್ತರ. ಸಕ್ಕರೆಯ ಬೆಲೆ ಸರ್ಕಾರದ ಕೈಯಲ್ಲಿದೆ ಅಂತ ಪೆಪ್ಪರಮಿಂಟಿಗೆ ಬಂದವರಿಗೆ, ಪೆಪ್ಪರಮಿಂಟಿನ ಬೆಲೆ ಟಂಕಸಾಲೆಯ ಕೈಯಲ್ಲಿದೆ ಅಂತ ಗೊತ್ತಾದದ್ದು ಕೊನೆಗೆ.

ರೂಪಾಯಿಯ ಮೆಟ್ಟಿಲು ಹತ್ತಿದವರು ಗೆದ್ದರು. 2015ರಲ್ಲಿ ಬಂದ 'ಪಲ್ಸ್' ಎಂಬ ಮಾವಿನಕಾಯಿ ರುಚಿಯ ಪೆಪ್ಪರಮಿಂಟು ನಿಮಗೆ ಗೊತ್ತಿರಬಹುದು. ಒಳಗೆ ಉಪ್ಪು-ಹುಳಿ ಪುಡಿ, ಬೆಲೆ ಒಂದು ರೂಪಾಯಿ. ಎಂಟೇ ತಿಂಗಳಲ್ಲಿ ನೂರು ಕೋಟಿ ರೂಪಾಯಿ ವ್ಯಾಪಾರ ಮಾಡಿತು ಅಂತ ಪೇಪರುಗಳಲ್ಲೆಲ್ಲ ಬಂತು. ಅಂದರೆ ಜನರಿಗೆ ಪೆಪ್ಪರಮಿಂಟು ಬೇಡವಾಗಿರಲಿಲ್ಲ. ಆದರೆ ಎಂಟಾಣೆಯ ಮಾಲಿಗೆ ಒಂದು ರೂಪಾಯಿ ಕೇಳಬೇಕಾದರೆ ಹೊಸ ರುಚಿ ಬೇಕು, ಹೊಸ ಯಂತ್ರ ಬೇಕು, ಜಾಹೀರಾತಿಗೆ ಹಣ ಬೇಕು. ಒಂದು ಮನೆತನದ ಕಾರ್ಖಾನೆಗೆ ಅದು ಸಣ್ಣ ಮಾತಲ್ಲ. 2016ರಲ್ಲಿ ಯುಪಿಐ ಬಂದ ಮೇಲಂತೂ "ಚಿಲ್ಲರೆ ಇಲ್ಲ, ಪೆಪ್ಪರಮಿಂಟು ತಗೊಳ್ಳಿ" ಎಂಬ ಮಾತೇ ಅಪರೂಪವಾಯಿತು. ಮೊಬೈಲಿನಲ್ಲಿ ಐವತ್ತು ಪೈಸೆಯನ್ನೂ ಲೆಕ್ಕ ತಪ್ಪದೆ ಕಳಿಸಬಹುದು. ಆದರೆ ಒಂದು ಪೆಪ್ಪರಮಿಂಟಿಗೆ ಕ್ಯೂಆರ್ ಕೋಡ್ ಹುಡುಕುವವರು ಯಾರು?

ರಾವಳಗಾಂವ್ ಒಂದರದ್ದೇ ಈ ಕಥೆಯಲ್ಲ. ನಮ್ಮ ಬಾಲ್ಯದ ಬರಣಿಯಲ್ಲಿ ಇನ್ನೂ ಎರಡು ಸಣ್ಣ ಊರುಗಳಿದ್ದವು. ಕೋಲಾರದ ಗಡಿಗೆ ಹತ್ತಿರದ ಚಿತ್ತೂರಿನಲ್ಲಿ 1952ರಲ್ಲಿ ಶುರುವಾದ ನ್ಯೂಟ್ರೀನ್, ಅದೂ ಒಂದು ಮನೆತನದ್ದೇ. 2006ರಲ್ಲಿ ಗೋದ್ರೆಜ್ ಗುಂಪಿಗೆ ಹೋಯಿತು, ಆಮೇಲೆ ಅಮೆರಿಕದ ಹರ್ಶೀಸ್ ಪಾಲಾಯಿತು. ತಮಿಳುನಾಡಿನ ನೆಲ್ಲಿಕುಪ್ಪಂನಲ್ಲಿ ಸಕ್ಕರೆ ಕಾರ್ಖಾನೆಯ ಪಕ್ಕದಲ್ಲೇ 1914ರಲ್ಲಿ ಶುರುವಾದ ಪ್ಯಾರೀಸ್ ಪೆಪ್ಪರಮಿಂಟು 2004ರಲ್ಲಿ ಕೊರಿಯಾದ ಲೊಟ್ಟೆ ಕಂಪನಿಗೆ ಹೋಯಿತು. ಮೂರರಲ್ಲಿ ಕೊನೆಯವರೆಗೂ ಹಳೆಯ ಮನೆತನದ ಕೈಯಲ್ಲಿ ಉಳಿದದ್ದು ರಾವಳಗಾಂವ್. ಹಟ ಅನ್ನಿ, ಮಮತೆ ಅನ್ನಿ.

ಮಾರಾಟದ ಕರಾರಿನಲ್ಲಿ ಒಂದು ವಿಷಯ ನನ್ನ ಮನಸ್ಸಿಗೆ ತುಂಬ ತಾಗಿತು. ಮಾರಿದ್ದು ಹೆಸರು ಮತ್ತು ಪಾಕವಿಧಾನ ಮಾತ್ರ. ಜಾಗ, ಕಟ್ಟಡ, ಯಂತ್ರ ಎಲ್ಲ ಹಳೆಯ ಕಂಪನಿಯಲ್ಲೇ ಉಳಿದವು. ಬ್ಯಾಂಕಿನಲ್ಲಿ ಮೂವತ್ತು ವರ್ಷ ನಾವು ಸಾಲ ಕೊಟ್ಟದ್ದು ಯಾವುದರ ಮೇಲೆ? ಜಾಗ, ಕಟ್ಟಡ, ಯಂತ್ರ. ಅರ್ಜಿಯಲ್ಲಿ ಹೆಸರಿಗೆ ಬೆಲೆ ಬರೆದವರನ್ನು ಕಂಡು ನಾವು ನಗುತ್ತಿದ್ದೆವು. ಈಗ ನೋಡಿ, ನಾವು ಒತ್ತೆ ಇಟ್ಟುಕೊಳ್ಳುವಂಥದ್ದನ್ನು ಕೊಳ್ಳುವವನು ಬೇಡವೆಂದ, ನಾವು ನಕ್ಕದ್ದಕ್ಕೆ 27 ಕೋಟಿ ಎಣಿಸಿದ. 2022ರಲ್ಲಿ ಕ್ಯಾಂಪಾ ಕೋಲಾದ ಹೆಸರು ಇದೇ ಗುಂಪಿಗೆ 22 ಕೋಟಿಗೆ ಹೋದಾಗಲೂ ಹೀಗೇ ಆಗಿತ್ತು. ನಮ್ಮ ಬಾಲ್ಯದ ರುಚಿಗಳಿಗೆ ಮಾರುಕಟ್ಟೆಯಲ್ಲಿ ಒಂದು ಬೆಲೆ ಇದೆ. ಅವು ತಯಾರಾಗುತ್ತಿದ್ದ ಊರಿಗೆ ಮಾತ್ರ ಇಲ್ಲ.

ಹೆಸರನ್ನು ಎಲ್ಲಿಗೆ ಬೇಕಾದರೂ ಒಯ್ಯಬಹುದು. ಪಾನ್ ಪಸಂದ್ ಯಾವ ರಾಜ್ಯದ ಯಾವ ಯಂತ್ರದಲ್ಲಿ ಬೇಕಾದರೂ ತಯಾರಾಗಬಹುದು, ರುಚಿ ಅದೇ ಇರಬಹುದು. ಆದರೆ ದೇಶದ ಉದ್ದಗಲಕ್ಕೂ ಒಂದು ಹಳ್ಳಿಯ ಹೆಸರನ್ನು ಪುಟ್ಟ ಕಾಗದದಲ್ಲಿ ಸುತ್ತಿ, ಎರಡೂ ತುದಿ ತಿರುಚಿ ಕಳಿಸುತ್ತಿದ್ದದ್ದು ಆ ಊರಿನ ಕೈಗಳು. ಗದಗಿನ ಓಣಿಯಲ್ಲಿ ಕೂತ ನಾನು ಮಾಲೇಗಾಂವ್ ಎಲ್ಲಿದೆ ಅಂತ ತಿಳಿಯುವ ಮೊದಲೇ ರಾವಳಗಾಂವ್ ಎಂಬ ಹೆಸರನ್ನು ಓದಿದ್ದೆ. ನೆಲ ಕಳೆದುಕೊಂಡ ರೈತನಿಗೆ ಉತಾರೆಯಲ್ಲಾದರೂ ಹೆಸರು ಉಳಿದಿತ್ತು. ಈ ಊರಿಗೆ ಅದೂ ಉಳಿಯಲಿಲ್ಲ. ಅದರದೇ ಹೆಸರು ಈಗ ಇನ್ನೊಬ್ಬರ ಟ್ರೇಡ್‌ಮಾರ್ಕು.

2023ರ ಅಕ್ಟೋಬರ್ ಕೊನೆಯಲ್ಲಿ ಮುಂಬೈಯ ಕೊನೆಯ ಪದ್ಮಿನಿ ಟ್ಯಾಕ್ಸಿಯ ಅವಧಿ ಮುಗಿಯಿತು. ನಾಲ್ಕು ತಿಂಗಳೊಳಗೆ ರಾವಳಗಾಂವ್ ಸುದ್ದಿ ಬಂತು. ಸೊಲ್ಲಾಪುರದಿಂದ ಹೊರಟ ಒಬ್ಬ ಮನುಷ್ಯ ಕಟ್ಟಿದ್ದರಲ್ಲಿ ನಮ್ಮಂಥವರ ಕೈಗೆ ಎಟುಕುತ್ತಿದ್ದವು ಈ ಎರಡೇ. ಒಂದರಲ್ಲಿ ಕೂತು ಈ ಊರಿಗೆ ಬಂದೆವು, ಇನ್ನೊಂದನ್ನು ಬಾಯಲ್ಲಿಟ್ಟುಕೊಂಡು ಈ ಊರಿನ ಕಹಿ ಮರೆತೆವು.

ಆ ಶನಿವಾರ ಸಂಜೆ ಪರ್ಸು, ಡ್ರಾವರು, ದೇವರ ಮನೆಯ ತಟ್ಟೆ ಎಲ್ಲ ಹುಡುಕಿ ಮೂರು ಎಂಟಾಣೆ ನಾಣ್ಯ ಒಟ್ಟು ಮಾಡಿದೆ. ಓಣಿಯ ಮೂಲೆಯ ಅಂಗಡಿಗೆ ಹೋಗಿ, "ಪಾನ್ ಪಸಂದ್ ಇದೆಯಾ? ಮೂರು ಕೊಡು" ಅಂದೆ. ಹುಡುಗ ಬರಣಿಗಳನ್ನು ನೋಡಿದ, ಆಮೇಲೆ ನನ್ನ ಅಂಗೈ ನೋಡಿದ.

"ಅಂಕಲ್, ಆ ಮಾಲೂ ಇಲ್ಲ, ಈ ಪೈಸೆಯೂ ನಡೆಯಲ್ಲ."

"ಕಾನೂನು ಪ್ರಕಾರ ನಡೆಯುತ್ತಪ್ಪಾ" ಅನ್ನಬೇಕೆಂದಿದ್ದೆ. ಕಾಕಾನ ಮುಖ ನೆನಪಾಯಿತು. ಸುಮ್ಮನೆ ನಾಣ್ಯಗಳನ್ನು ಜೇಬಿಗೆ ಹಾಕಿಕೊಂಡು ಮನೆಗೆ ಬಂದೆ.